ಅಹಮದಾಬಾದಿನ ಬಿಸಿಲು

ನೆರೆ ಬಂದು ಹೋದ ಮೇಲೆ ಗೋಡೆಯ ಮೇಲೆ ನೀರಿನ ಗೆರೆ ಉಳಿಯುವುದು. ಬೆಂಕಿ ಬಿದ್ದ ಊರಿನಲ್ಲಿ ಸುಟ್ಟ ತೊಲೆಗಳು ಉಳಿಯುವುವು. ಕ್ಷಾಮಗಳನ್ನು ಹಿರಿಯರು ಹೆಸರಿಟ್ಟು ನೆನೆಯುವರು. ಬಿಸಿಲಿನಿಂದಾದ ಹಾನಿಗೆ ಮಾತ್ರ ಇಂತಹ ಗುರುತು ಯಾವುದೂ ಇಲ್ಲ. ಬೇಗೆಯಿಂದ ಸಾಯುವವನು ಬಹುಮಟ್ಟಿಗೆ ತನ್ನ ಮನೆಯ ಮೂಲೆಯಲ್ಲಿಯೇ ಸದ್ದಿಲ್ಲದೆ ಸಾಯುವನು. ‘ವಯಸ್ಸಾಗಿತ್ತು, ಎದೆ ನಿಂತಿತು’ ಎಂದು ನೆರೆಹೊರೆಯವರು ಹೇಳಿ ಮುಗಿಸುವರು. ಆದುದರಿಂದಲೇ ಯುದ್ಧಕ್ಕೂ ಸಾಂಕ್ರಾಮಿಕ ರೋಗಗಳಿಗೂ ಇತಿಹಾಸದಲ್ಲಿ ದೊರೆತ ಸ್ಥಾನವು ಬಿಸಿಲಿಗೆ ದೊರೆತಿಲ್ಲ. ನಮ್ಮ ದೇಶದ ಒಂದು ನಗರವು ಈ ಕಾಣದ ಸಾವನ್ನು ಹೇಗೆ ಕಂಡುಕೊಂಡಿತು, ಕಂಡ ಮೇಲೆ ಏನು ಮಾಡಿತು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗುಜರಾತಿನ ಸುಲ್ತಾನ ಅಹಮದ್ ಷಹನು 1411ರಲ್ಲಿ ಸಾಬರಮತೀ ನದಿಯ ದಂಡೆಯಲ್ಲಿ ಅಹಮದಾಬಾದನ್ನು ಸ್ಥಾಪಿಸಿದನು. ಅಲ್ಲಿಯ ಬೇಸಗೆಯ ಕಾಠಿಣ್ಯಕ್ಕೆ ಒಬ್ಬ ಚಕ್ರವರ್ತಿಯ ಸಾಕ್ಷ್ಯವೇ ಉಂಟು. 1618ರಲ್ಲಿ ಆ ನಗರದಲ್ಲಿ ಬೀಡುಬಿಟ್ಟಿದ್ದ ಜಹಾಂಗೀರನು ಬೇಸತ್ತು, ತನ್ನ ಆತ್ಮಕಥೆಯಲ್ಲಿ ಅದನ್ನು ಧೂಳಿನ ಊರೆಂದೂ ಬಿಸಿಗಾಳಿಯ ನಾಡೆಂದೂ ರೋಗಿಗಳ ಮನೆಯೆಂದೂ ಹಳಿದಿದ್ದಾನೆ. ಬಾದಷಹನು ಡೇರೆಯೆತ್ತಿ ಹೊರಟುಹೋಗಬಹುದಾಗಿತ್ತು; ಊರಿನ ಜನರು ಅಲ್ಲಿಯೇ ಬಾಳಬೇಕಾಗಿತ್ತು. ಅವರು ಬಿಸಿಲನ್ನು ಶಪಿಸುತ್ತ ಕೂಡದೆ ಅದಕ್ಕೆ ತಕ್ಕಂತೆ ಊರನ್ನು ಕಟ್ಟಿಕೊಂಡರು. ‘ಪೋಳ್’ ಎಂದು ಕರೆಯಲ್ಪಡುವ ಹಳೆಯ ಕೇರಿಗಳಲ್ಲಿ ಮನೆಗೆ ಮನೆ ಗೋಡೆ ತಾಗಿಸಿ ನಿಂತಿದೆ. ಓಣಿಗಳು ಕಿರಿದಾಗಿರುವುದರಿಂದ ಒಂದು ಸಾಲಿನ ನೆರಳು ಮತ್ತೊಂದು ಸಾಲಿನ ಮೇಲೆ ಬೀಳುವುದು. ಮನೆಯ ನಡುವೆ ಗಾಳಿಯಾಡುವ ಅಂಗಳ. ಅನೇಕ ಮನೆಗಳಲ್ಲಿ ಅಂಗಳದ ಕೆಳಗೆ ಮಳೆಯ ನೀರನ್ನು ಕೂಡಿಡುವ ನೆಲದೊಳಗಿನ ತೊಟ್ಟಿ. ನಗರಕ್ಕೆ ಸಮೀಪದ ಅಡಾಲಜದಲ್ಲಿ 1499ರಲ್ಲಿ ಮುಗಿದ ಮೆಟ್ಟಿಲುಬಾವಿಯು ಐದು ಅಂತಸ್ತುಗಳಷ್ಟು ನೆಲದೊಳಕ್ಕೆ ಇಳಿದಿದೆ. ಅದು ನೀರಿಗೆ ಮಾತ್ರವಲ್ಲ, ದಾರಿಹೋಕರು ಹೊತ್ತು ಕಳೆಯುವ ತಂಪಿಗೂ ಆಗಿತ್ತು. ಬೀದಿಬದಿಯಲ್ಲಿ ಬಾಯಾರಿದವರಿಗೆ ಧರ್ಮಾರ್ಥವಾಗಿ ನೀರು ಕೊಡುವ ಸ್ಥಳಕ್ಕೆ ಗುಜರಾತಿಗಳು ‘ಪರಬ್’ ಎನ್ನುವರು. ನಮ್ಮ ಅರವಟ್ಟಿಗೆಯೂ ಇದೇ ಅಲ್ಲವೆ? ಅರವಟ್ಟಿಗೆಗಾಗಿ ಭೂಮಿಯನ್ನು ದತ್ತಿಬಿಟ್ಟ ಸಂಗತಿ ಕನ್ನಡ ಶಾಸನಗಳಲ್ಲಿಯೂ ಬರುವುದು.

ನೆರಳು, ನೀರು, ಗಾಳಿ ಈ ಮೂರನ್ನು ಕೂಡಿಸಿಕೊಂಡಿದ್ದ ಈ ಏರ್ಪಾಡು ಹೊಸ ಕಾಲದ ಬಡವನ ಜೊತೆಗೆ ಹೋಗಲಿಲ್ಲ. ರಣಛೋಡಲಾಲ್ ಛೋಟಾಲಾಲರು ಪ್ರಾರಂಭಿಸಿದ ಮೊದಲನೆಯ ಹತ್ತಿಯ ಗಿರಣಿಯು 1861ರಲ್ಲಿ ಕೆಲಸಕ್ಕೆ ತೊಡಗಿತು. ಗಿರಣಿಗಳು ಹೆಚ್ಚಿದುವು, ಕೋಟೆಯ ಹೊರಗೆ ಕೂಲಿಕಾರರ ವಠಾರಗಳು ಬೆಳೆದುವು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಸಾವಿರಾರು ಮಂದಿ ಕೈಗಾಡಿ ತಳ್ಳುವುದಕ್ಕೂ ಕಟ್ಟಡದ ಕೆಲಸಕ್ಕೂ ಬಯಲಿಗೆ ಬಂದರು. ಹಗಲೆಲ್ಲ ತಲೆಯ ಮೇಲೆ ಬಿಸಿಲು. ರಾತ್ರಿ ಮಲಗುವುದು ಕಾದ ತಗಡಿನ ಮಾಡಿನ ಕೆಳಗೆ.

2010ರ ಮೇ ತಿಂಗಳಿನಲ್ಲಿ ಇದರ ಫಲವು ಕಾಣಿಸಿತು. ಮೇ 21ರಂದು ನಗರದ ಉಷ್ಣತೆ 46.8 ಡಿಗ್ರಿ ಸೆಂಟಿಗ್ರೇಡಿಗೆ ಏರಿತು. ಆಸ್ಪತ್ರೆಗಳೂ ಶ್ಮಶಾನಗಳೂ ತುಂಬಿದುವು. ಆದರೆ ಹಾನಿಯ ಅಳತೆ ತಿಳಿದುದು ಆಮೇಲೆ. ಸಂಶೋಧಕರು ನಗರದ ಮರಣದ ದಾಖಲೆಗಳನ್ನು ತೆಗೆದು, ಹಿಂದಿನ ಮತ್ತು ಮುಂದಿನ ವರ್ಷಗಳ ಮೇ ತಿಂಗಳಿನೊಡನೆ ಹೋಲಿಸಿದರು. ಸುಮಾರು 3,118 ಸಾವುಗಳಾಗಬೇಕಾಗಿದ್ದ ತಿಂಗಳಿನಲ್ಲಿ 4,462 ಸಾವುಗಳಾಗಿದ್ದುವು. ಹೆಚ್ಚಾಗಿ ಸತ್ತವರು 1,344 ಮಂದಿ. ಇವರಲ್ಲಿ ಬಹುಮಂದಿಯ ಹೆಸರಿನ ಮುಂದೆ ಬಿಸಿಲೆಂಬ ಕಾರಣವನ್ನು ಯಾರೂ ಬರೆದಿರಲಿಲ್ಲ. ಒಬ್ಬೊಬ್ಬರಾಗಿ ನೋಡಿದಾಗ ಕಾಣದಿದ್ದ ಕೊಲೆಗಾರನು, ಎಲ್ಲರನ್ನೂ ಕೂಡಿಸಿ ಎಣಿಸಿದಾಗ ಸಿಕ್ಕಿಬಿದ್ದನು.

ಬಿಸಿಲು ಹೀಗೆ ಮರೆಯಲ್ಲಿ ಕೊಲ್ಲುವುದಕ್ಕೆ ಕಾರಣವು ದೇಹಧರ್ಮದಲ್ಲಿದೆ. ನಮ್ಮ ದೇಹದ ಸಹಜವಾದ ಉಷ್ಣತೆ ಸುಮಾರು 37 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ, ಬೆವರು ಆರುವುದೊಂದೇ ದೇಹಕ್ಕೆ ಉಳಿಯುವ ದಾರಿ. ಬೆವರಿಗೆ ನೀರು ಬೇಕು. ನೆತ್ತರನ್ನು ಚರ್ಮದ ಕಡೆಗೆ ನೂಕುವುದಕ್ಕೆ ಹೃದಯವು ಹೆಚ್ಚು ದುಡಿಯಬೇಕು. ಮುದುಕರ ಬಲಗುಂದಿದ ಹೃದಯ ಇಲ್ಲಿಯೇ ಸೋಲುವುದು. ಲೋಕವು ಅದನ್ನು ಹೃದ್ರೋಗವೆನ್ನುವುದು. ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಬುದ್ಧಿ ಮಂಕಾದರೆ ಅದು ಉಷ್ಣಾಘಾತ. ಆಗ ಉಳಿಯುವ ಕಾಲ ಬಹಳ ಸ್ವಲ್ಪ.

ಅದೇ ನಗರದ ಒಂದು ಆಸ್ಪತ್ರೆಯ ಸಂಗತಿಯನ್ನು ಇಲ್ಲಿ ಹೇಳಬೇಕು. ಅಲ್ಲಿ ಹಸುಗೂಸುಗಳನ್ನು ಮೇಲಂತಸ್ತಿನಲ್ಲಿ, ಕರಿಯ ಡಾಂಬರು ಬಳಿದ ಮಾಳಿಗೆಯ ಕೆಳಗೆ ಇರಿಸುತ್ತಿದ್ದರು. 2010ರ ಬೇಗೆಯಲ್ಲಿ ಅನೇಕ ಶಿಶುಗಳು ಬಿಸಿಯಿಂದಲೇ ಕಾಯಿಲೆಬಿದ್ದುವು. ಆಮೇಲೆ ಆ ಕೊಠಡಿಯನ್ನು ಕೆಳಗಿನ ಅಂತಸ್ತಿಗೆ ಇಳಿಸಿದರು. ಮುಂದೆ ವೈದ್ಯರು ಲೆಕ್ಕಹಾಕಿದಾಗ ಅಂತಹ ಕಾಯಿಲೆಯು ಬಹಳವಾಗಿ ತಗ್ಗಿದ್ದುದು ತಿಳಿದುಬಂದಿತು. ಹೊಸ ಔಷಧವಿಲ್ಲ, ದೊಡ್ಡ ಯಂತ್ರವಿಲ್ಲ. ಕೆಲವು ಮೆಟ್ಟಿಲುಗಳನ್ನು ಇಳಿದುದೇ ಚಿಕಿತ್ಸೆಯಾಯಿತು.

2013ರಲ್ಲಿ ಅಹಮದಾಬಾದಿನ ನಗರಸಭೆಯು, ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆ ಮೊದಲಾದವರೊಡನೆ ಸೇರಿ, ಬೇಗೆಯನ್ನು ಎದುರಿಸುವ ಯೋಜನೆಯೊಂದನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯದಲ್ಲಿ ಇಂತಹುದು ಅದೇ ಮೊದಲು. ಹವೆಯ ಮುನ್ಸೂಚನೆಯನ್ನು ಹಲವು ದಿನ ಮುಂಚಿತವಾಗಿ ಪಡೆದು, ಹಳದಿ, ಕಿತ್ತಿಳೆ, ಕೆಂಪು ಎಂಬ ಬಣ್ಣಗಳಿಂದ ಎಚ್ಚರಿಕೆ ಕೊಡುವುದು. 45 ಡಿಗ್ರಿ ಮುಟ್ಟಿದರೆ ಕೆಂಪು. ವೈದ್ಯರಿಗೂ ದಾದಿಯರಿಗೂ ಉಷ್ಣಾಘಾತವನ್ನು ಗುರುತಿಸುವ ಶಿಕ್ಷಣ, ಬೀದಿಗಳಲ್ಲಿ ನೀರು, ಉದ್ಯಾನಗಳಲ್ಲಿಯೂ ದೇವಸ್ಥಾನಗಳಲ್ಲಿಯೂ ತಂಗುವುದಕ್ಕೆ ನೆರಳು. 2017ರಿಂದ ಬಡವರ ಮಾಡುಗಳಿಗೆ ಸುಣ್ಣದಂತಹ ಬಿಳಿಯ ಬಣ್ಣ ಬಳಿಯುವ ಕೆಲಸವೂ ಸೇರಿತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಯೋಜನೆ ಬಂದ ಮೇಲಿನ ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿರಬಹುದೆಂದು ಅಂದಾಜುಮಾಡಿತು. ಅಂದಾಜಿನಲ್ಲಿ ಹೆಚ್ಚುಕಡಮೆಗೆ ಎಡೆಯಿದೆ. ಆದರೆ ದಾರಿ ಸರಿಯಾದುದೆಂಬುದರಲ್ಲಿ ಸಂಶಯವಿಲ್ಲ. ಇದರಲ್ಲಿ ಹೊಸದು ಯಾವುದು? ನೆರಳೂ ನೀರೂ ಸುಣ್ಣವೂ ಹಳೆಯವು. ಎಣಿಕೆಯೂ ಮುನ್ನೆಚ್ಚರಿಕೆಯೂ ಮಾತ್ರ ಹೊಸವು.

ಇದು ದೂರದ ಊರಿನ ಮಾತೆಂದು ನಾವು ಸುಮ್ಮನಿರುವಂತಿಲ್ಲ. ರಾಯಚೂರಿನಲ್ಲಿ 1928ರ ಮೇ 23ರಂದು ಉಷ್ಣತೆ 45.6 ಡಿಗ್ರಿ ಮುಟ್ಟಿತ್ತು. ಕಲಬುರಗಿಯ ಕಡೆಯಲ್ಲಿ ಬೇಸಗೆಯ ಎರಡು ತಿಂಗಳು ಸರ್ಕಾರಿ ಕಚೇರಿಗಳನ್ನು ಬೆಳಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಸುವ ಪದ್ಧತಿ ಹಲವು ವರ್ಷಗಳಿಂದ ಬಂದಿದೆ. ಕಚೇರಿಯವರಿಗೆ ಒಪ್ಪಿದ ಈ ನ್ಯಾಯವು ನಮ್ಮ ಮನೆಯ ಕೆಲಸದವರಿಗೂ, ಗಾರೆಯವನಿಗೂ, ಹೊರೆ ಹೊರುವವನಿಗೂ ಒಪ್ಪಬೇಡವೆ? ನಡುಹಗಲು ಹನ್ನೆರಡರಿಂದ ಮೂರರವರೆಗೆ ಅವರನ್ನು ಬಿಸಿಲಿಗೆ ಕಳುಹಿಸದಿರುವುದು ದಾನವಲ್ಲ, ಕರ್ತವ್ಯ.

ಮನೆಯೊಳಗೂ ಎಚ್ಚರ ಬೇಕು. ಬಾಯಾರುವ ಮೊದಲೇ ನೀರು, ಉಪ್ಪು ಹಾಕಿದ ಮಜ್ಜಿಗೆ, ಪಾನಕಗಳನ್ನು ಕುಡಿಯಬೇಕು. ಒಂಟಿಯಾಗಿರುವ ಮುದುಕರನ್ನು ದಿನಕ್ಕೆ ಎರಡು ಸಲ ಹೋಗಿ ನೋಡಬೇಕು. ಗಾಳಿಯೇ 40 ಡಿಗ್ರಿ ದಾಟಿದಾಗ ಬೀಸಣಿಗೆಯೊಂದನ್ನೇ ನಂಬದೆ ಮೈಯನ್ನು ಒದ್ದೆಮಾಡಿಕೊಳ್ಳಬೇಕು. ಯಾರಾದರೂ ತಡವರಿಸಿ ಮಾತನಾಡಿದರೆ, ಇಲ್ಲವೆ ಎಚ್ಚರ ತಪ್ಪಿದರೆ, ಕೂಡಲೆ ವೈದ್ಯರಿಗೆ ಹೇಳಿಕಳುಹಿಸಿ, ಅವರು ಬರುವವರೆಗೆ ಕಾಯದೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು.

ಅಹಮದಾಬಾದಿನಲ್ಲಿ ಒಂದು ಮೇ ತಿಂಗಳಿನಲ್ಲಿ ಸತ್ತ ಆ 1,344 ಮಂದಿಯನ್ನು ಬದುಕಿದ್ದಾಗ ಯಾರೂ ಎಣಿಸಲಿಲ್ಲ. ಸತ್ತ ಮೇಲೆ ಎಣಿಸಿದುದರಿಂದ ಇತರರು ಉಳಿದರು. ಬರುವ ಬೇಸಗೆಯಲ್ಲಿ ನಮ್ಮ ಕೇರಿಯವರನ್ನು ನಾವು ಬದುಕಿರುವಾಗಲೇ ಎಣಿಸಿಕೊಳ್ಳೋಣ.