ಆಂಗ್ಲ ರಂಗಭೂಮಿಯ ಬಂಧವಿಮೋಚನೆ

ಆಂಗ್ಲ ನಾಟಕದ ನವೋದಯಕ್ಕೆ ಬಹುಕಾಲ ಅಡ್ಡಬಂದುದು ಪ್ರತಿಭೆಯ ಕೊರತೆಯಲ್ಲ, ರಾಜಶಾಸನ. ಫೀಲ್ಡಿಂಗ್ ಮೊದಲಾದವರ ಪ್ರಹಸನಗಳ ಕುಟುಕನ್ನು ಸಹಿಸದ ಪ್ರಧಾನಿ ವಾಲ್ಪೋಲನು 1737ರಲ್ಲಿ ಒಂದು ಕಾಯಿದೆಯನ್ನು ಮಾಡಿಸಿದನು. ಅಂದಿನಿಂದ ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನನು ಒಪ್ಪದ ಹೊಸ ನಾಟಕವು ಸಾರ್ವಜನಿಕ ರಂಗವನ್ನೇರುವಂತಿರಲಿಲ್ಲ.

ಬರ್ನಾರ್ಡ್ ಷಾ 1893ರಲ್ಲಿ ರಚಿಸಿದ ‘ಮಿಸೆಸ್ ವಾರೆನ್ಸ್ ಪ್ರೊಫೆಷನ್’ ದಾರಿದ್ರ್ಯವೇ ಸ್ತ್ರೀಯರನ್ನು ವೇಶ್ಯಾವೃತ್ತಿಗೆ ನೂಕುವುದೆಂದು ಸಾರಿತು, ಅನುಮತಿ ದೊರೆಯಲಿಲ್ಲ. 1902ರಲ್ಲಿ ಸ್ಟೇಜ್ ಸೊಸೈಟಿಯು ಅದನ್ನು ತನ್ನ ಸದಸ್ಯರೆದುರು ಆಡಿಸಿತು. ಇಂಗ್ಲೆಂಡಿನ ಸಾಮಾನ್ಯ ಪ್ರೇಕ್ಷಕರು 1925ರವರೆಗೆ ಕಾಯಬೇಕಾಯಿತು. ಬಾರ್ಕರನ ‘ವೇಸ್ಟ್’ ನಾಟಕಕ್ಕೂ 1907ರಲ್ಲಿ ಇದೇ ಗತಿ ಒದಗಿತು. ಹೀಗೆ ನವನಾಟಕವು ಖಾಸಗಿ ಸಂಘಗಳ ಮರೆಯಲ್ಲಿ ಜೀವ ಹಿಡಿದುಕೊಂಡಿತು.

1965ರಲ್ಲಿ ರಾಯಲ್ ಕೋರ್ಟ್ ರಂಗಮಂದಿರವು ಬಾಂಡನ ‘ಸೇವ್ಡ್’ ನಾಟಕವನ್ನು ಸದಸ್ಯರಿಗೆಂದೇ ಆಡಿದಾಗ, ಆ ಮರೆಯೂ ಕಾಪಾಡಲಿಲ್ಲ, ಮೊಕದ್ದಮೆಯಾಯಿತು. ಕೊನೆಗೆ 1968ರ ಶಾಸನವು ಆ ಅಧಿಕಾರವನ್ನೇ ತೊಡೆದುಹಾಕಿತು. ನಾಟಕದ ಗುಣದೋಷಗಳನ್ನು ತೂಗುವ ಹೊಣೆ, 231 ವರ್ಷಗಳ ಬಳಿಕ, ಸಹೃದಯರ ಪಾಲಿಗೆ ಮರಳಿತು.