‘ಡಿ ಓಸ್ಟ್’ ಚಿತ್ರ ಮತ್ತು ನೋಡಿದವರ ಸಿಟ್ಟು

ಡಚ್ಚರ ಮನೆಮಾತಿನಲ್ಲಿ ‘ಯುದ್ಧ’ ಎಂದರೆ ಒಂದೇ ಯುದ್ಧ, 1940ರ ಮೇ ತಿಂಗಳಿಂದ 1945ರ ಮೇ ತಿಂಗಳವರೆಗೆ ಜರ್ಮನರು ತಮ್ಮ ದೇಶವನ್ನು ಆಳಿದ ಐದು ವರ್ಷ. ಅವರ ಯುದ್ಧ ಸಿನಿಮಾಗಳೂ ಹೆಚ್ಚಾಗಿ ಆ ಐದು ವರ್ಷಗಳ ಸುತ್ತಲೇ ತಿರುಗಿದವು. ಪಾಲ್ ವರ್ಹೂವನ್ 1977ರಲ್ಲಿ ‘ಸೋಲ್ದಾತ್ ಫಾನ್ ಒರಾನ್ಯೆ’ ಮಾಡಿದ, 2006ರಲ್ಲಿ ‘ಜ್ವಾರ್ಟ್‌ಬೂಕ್’ ಮಾಡಿದ. ಎರಡನೆಯದನ್ನು 2008ರಲ್ಲಿ ಡಚ್ ಪ್ರೇಕ್ಷಕರು ತಮ್ಮ ಭಾಷೆಯ ಅತ್ಯುತ್ತಮ ಚಿತ್ರವೆಂದು ಮತ ಹಾಕಿ ಆರಿಸಿದರು. ಅದರಲ್ಲಿ ಡಚ್ಚರೊಳಗಿನ ದ್ರೋಹಿಗಳೂ ಇದ್ದಾರೆ, ಹಣದಾಸೆಗೆ ಯಹೂದಿಗಳನ್ನು ಹಿಡಿದುಕೊಟ್ಟವರೂ ಇದ್ದಾರೆ. ಆದರೂ ಅದನ್ನು ಪ್ರೇಕ್ಷಕರು ತಮ್ಮದೆಂದು ಒಪ್ಪಿಕೊಂಡರು. ಅಲ್ಲಿ ಬೂಟುಗಾಲಿನಲ್ಲಿ ಬಂದವರು ಹೊರಗಿನವರಾಗಿದ್ದರು.

ಜಿಮ್ ತೈಹುಟ್ಟು ನಿರ್ದೇಶಿಸಿದ ‘ಡಿ ಓಸ್ಟ್’ (ಪೂರ್ವ ದಿಕ್ಕು ಎಂದರ್ಥ, ಇಂಡೋನೇಷ್ಯಾವನ್ನು ಡಚ್ಚರು ಹೀಗೆ ಕರೆಯುತ್ತಿದ್ದರು) 2020ರಲ್ಲಿ ಉಟ್ರೆಕ್ಟಿನ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು. ಕೋವಿಡ್‌ನಿಂದ ಚಿತ್ರಮಂದಿರಗಳು ಮುಚ್ಚಿದ್ದ ಕಾರಣ 2021ರ ಮೇ ತಿಂಗಳಲ್ಲಿ ಅಮೆಜಾನ್ ಪ್ರೈಮ್ ಮೂಲಕ ನೇರವಾಗಿ ಮನೆಗಳಿಗೆ ಬಂತು. ಹಾಗಾಗಿ ಇದನ್ನು ಜನ ಅಪರಿಚಿತರ ನಡುವೆ ಕತ್ತಲಲ್ಲಿ ಕೂತು ನೋಡಲಿಲ್ಲ. ತಮ್ಮ ಕೋಣೆಯಲ್ಲಿ, ಅನೇಕ ಕಡೆ ಸೈನಿಕ ಸಮವಸ್ತ್ರ ತೊಟ್ಟ ಅಜ್ಜನ ಫೋಟೋ ನೇತುಹಾಕಿದ ಗೋಡೆಯ ಕೆಳಗೆ ನೋಡಿದರು.

ಕತೆ ಸರಳ. ಯೋಹಾನ್ ಎಂಬ ಡಚ್ ತರುಣ ಸೈನ್ಯ ಸೇರಿ ಜಾವಾಕ್ಕೆ ಹೋಗುತ್ತಾನೆ. ಇಂಡೋನೇಷ್ಯಾ 1945ರ ಆಗಸ್ಟ್ 17ರಂದೇ ಸ್ವಾತಂತ್ರ್ಯ ಘೋಷಿಸಿಕೊಂಡಿದೆ, ಡಚ್ಚರು ಒಪ್ಪಿಲ್ಲ. ಶಿಬಿರದಲ್ಲಿ ಕೈಕಟ್ಟಿ ಕೂತು ಬೇಸತ್ತ ಯೋಹಾನ್, ‘ತುರ್ಕ’ ಎಂಬ ಅಡ್ಡಹೆಸರಿನ ರೇಮಂಡ್ ವೆಸ್ಟರ್ಲಿಂಗ್‌ನ ಹಿಂದೆ ಹೋಗುತ್ತಾನೆ. ಈ ವೆಸ್ಟರ್ಲಿಂಗ್ ಇಸ್ತಾಂಬುಲ್‌ನಲ್ಲಿ ಹುಟ್ಟಿದ ನಿಜವಾದ ವ್ಯಕ್ತಿ. 1946ರ ಡಿಸೆಂಬರಿನಿಂದ 1947ರ ಆರಂಭದವರೆಗೆ ದಕ್ಷಿಣ ಸುಲಾವೆಸಿಯಲ್ಲಿ ಅವನ ವಿಶೇಷ ಪಡೆ ಹಳ್ಳಿ ಹಳ್ಳಿಗೆ ನುಗ್ಗಿ, ಗಂಡಸರನ್ನು ಬಯಲಿನಲ್ಲಿ ಕೂಡಿಸಿ, ಪಟ್ಟಿಯಲ್ಲಿದ್ದ ಹೆಸರು ಕೂಗಿ, ವಿಚಾರಣೆಯಿಲ್ಲದೆ ಗುಂಡಿಕ್ಕಿತು. ಸತ್ತವರು 40,000 ಎಂದು ಇಂಡೋನೇಷ್ಯಾ ಬಹುಕಾಲ ಹೇಳಿಕೊಂಡು ಬಂತು. ಡಚ್ ಲೆಕ್ಕಗಳು ಕೆಲವು ಸಾವಿರಕ್ಕೆ ನಿಲ್ಲುತ್ತವೆ. ವೆಸ್ಟರ್ಲಿಂಗ್‌ಗೆ ಶಿಕ್ಷೆಯಾಗಲಿಲ್ಲ. ಆಮೇಲೆ ಅವನು ಒಪೆರಾ ಗಾಯಕನಾಗಲು ಹೊರಟ, 1987ರಲ್ಲಿ ತೀರಿಕೊಂಡ.

ಯೋಹಾನ್ ಪಾತ್ರಧಾರಿ ಮಾರ್ಟೈನ್ ಲಾಕೆಮೈಯರ್. 2008ರ ‘ಓರ್ಲೊಗ್ಸ್‌ವಿಂಟರ್’ ಚಿತ್ರದಲ್ಲಿ ಬ್ರಿಟಿಷ್ ವಿಮಾನ ಚಾಲಕನನ್ನು ಜರ್ಮನರಿಂದ ಬಚ್ಚಿಡುವ ಹುಡುಗನಾಗಿ ಅವನನ್ನು ಡಚ್ ಮನೆಗಳೆಲ್ಲ ನೋಡಿದ್ದವು. ಅದೇ ಮುಖ ಈಗ ಬಂದೂಕಿನ ಈಚೆ ಕಡೆ ನಿಂತಿತ್ತು. ಸಾಲದ್ದಕ್ಕೆ ಯೋಹಾನನ ಅಪ್ಪ ಡಚ್ ನಾಜಿ ಪಕ್ಷದವನು. ನಿರ್ದೇಶಕ ಎರಡು ಯುದ್ಧಗಳನ್ನು ಒಂದಕ್ಕೊಂದು ಹೊಲಿದಿದ್ದಾನೆ ಎಂಬುದರಲ್ಲಿ ಅನುಮಾನವೇ ಇಲ್ಲ. 1944ರ ಅಕ್ಟೋಬರಿನಲ್ಲಿ ಪುಟ್ಟನ್ ಎಂಬ ಡಚ್ ಊರಿನಿಂದ ಜರ್ಮನರು 600ಕ್ಕೂ ಹೆಚ್ಚು ಗಂಡಸರನ್ನು ಎಳೆದೊಯ್ದಿದ್ದರು, ಅವರಲ್ಲಿ ಬಹುಪಾಲು ಜನ ಮರಳಲಿಲ್ಲ. ಆ ಕತೆ ಕೇಳಿ ಬೆಳೆದವರಿಗೆ ಸುಲಾವೆಸಿಯ ದೃಶ್ಯ ಏನನ್ನು ನೆನಪಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಸಿಟ್ಟು ಶುರುವಾದದ್ದು ಇಲ್ಲಿಂದಲೇ. ಇಂಡೋ ಡಚ್ಚರ, ಅಂದರೆ ಇಂಡೋನೇಷ್ಯಾದಲ್ಲಿ ಹುಟ್ಟಿ ಸ್ವಾತಂತ್ರ್ಯಾನಂತರ ನೆದರ್‌ಲೆಂಡ್ಸಿಗೆ ಬಂದು ಸೇರಿದ ಮಿಶ್ರ ಸಂತತಿಯವರ ಒಂದು ಸಂಘಟನೆ, ವೆಸ್ಟರ್ಲಿಂಗ್‌ಗೆ ಹಿಟ್ಲರನನ್ನು ನೆನಪಿಸುವ ಮೀಸೆ ಯಾಕೆ, ಸೈನಿಕರಿಗೆ ಎಸ್‌ಎಸ್ ಪಡೆಯಂಥ ಕಪ್ಪು ಸಮವಸ್ತ್ರ ಯಾಕೆ ಎಂದು ಕೇಳಿತು. ಇದು ಕಲ್ಪಿತ ಕತೆ ಎಂದು ಚಿತ್ರದ ಆರಂಭದಲ್ಲೇ ಹಾಕಬೇಕೆಂದು ಒತ್ತಾಯಿಸಿತು. ಚಿತ್ರದ ಜತೆ ಶಾಲೆಗಳಿಗೆಂದು ತಯಾರಾದ ಪಾಠಗಳನ್ನೂ ವಿರೋಧಿಸಿತು.

ಮೀಸೆಯ ಮಾತನ್ನು ನಗೆಯಾಡಿ ತಳ್ಳಿಹಾಕುವುದು ಸುಲಭ. ಆದರೆ ಅವರ ಇನ್ನೊಂದು ಪ್ರಶ್ನೆಯನ್ನು ಹಾಗೆ ತಳ್ಳಲಾಗದು. 1945ರ ಕೊನೆಯ ತಿಂಗಳುಗಳಲ್ಲಿ ಜಾವಾದಲ್ಲಿ ಸಶಸ್ತ್ರ ತರುಣರ ಗುಂಪುಗಳು ಇಂಡೋ, ಡಚ್, ಚೀನೀ, ಮೊಲುಕನ್ ಕುಟುಂಬಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದವು. ಆ ಕಾಲಕ್ಕೆ ‘ಬೆರ್ಸಿಯಾಪ್’ ಎಂದು ಹೆಸರು, ಸಿದ್ಧರಾಗಿ ಎಂಬ ಕೂಗು ಅದು. ಜಪಾನೀಯರ ಸೆರೆಶಿಬಿರದಿಂದ ಆಗಷ್ಟೇ ಹೊರಬಂದ ಹೆಂಗಸರು ಮಕ್ಕಳೂ ಸತ್ತವರಲ್ಲಿದ್ದರು. ಚಿತ್ರ ಇದನ್ನು ಬಿಟ್ಟು 1946ರಿಂದ ಯಾಕೆ ಶುರುವಾಗುತ್ತದೆ ಎಂದು ಆ ಕುಟುಂಬಗಳ ಪ್ರೇಕ್ಷಕರು ಕೇಳಿದರು. ಇಂಡೋನೇಷ್ಯಾದ ಕಡೆಯಿಂದ ನೋಡಿದರೆ ಕೇಳಬೇಕಾದ್ದು ಬೇರೆ: 1945ರಿಂದಲಾದರೂ ಯಾಕೆ, ಮುನ್ನೂರು ವರ್ಷ ಹಿಂದಿನಿಂದ ಯಾಕಲ್ಲ?

ಇದು ನನಗೆ ದೂರದ ದೇಶದ ಜಗಳವಾಗಿ ಕಾಣಲಿಲ್ಲ. 1947 ಮತ್ತು 1948ರಲ್ಲಿ ಗಣರಾಜ್ಯದ ಮೇಲೆ ನಡೆಸಿದ ಎರಡು ದೊಡ್ಡ ಸೈನಿಕ ದಾಳಿಗಳನ್ನು ಡಚ್ ಸರ್ಕಾರ ಯುದ್ಧವೆಂದು ಕರೆಯದೆ ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆಯಿತು. ಕಲಬುರಗಿ, ಬೀದರ್ ಕಡೆಯ ಹಿರಿಯರ ಬಾಯಲ್ಲಿ ಇಂದಿಗೂ ಇರುವ ‘ಪೊಲೀಸ್ ಆ್ಯಕ್ಷನ್’ 1948ರ ಸೆಪ್ಟೆಂಬರಿನದು. ಎರಡರ ಉದ್ದೇಶ ತದ್ವಿರುದ್ಧ. ಒಂದು ವಸಾಹತನ್ನು ಉಳಿಸಿಕೊಳ್ಳಲು, ಇನ್ನೊಂದು ನಿಜಾಮನ ಆಳ್ವಿಕೆ ಮುಗಿಸಲು. ಆದರೆ ಹೈದರಾಬಾದ್ ಪ್ರಾಂತ್ಯದ ನೆನಪುಗಳನ್ನು ಕೇಳಲು ಹೋದವರಿಗೆ ಗೊತ್ತು, ಒಬ್ಬರು ರಜಾಕಾರರ ಹಾವಳಿಯಿಂದ ಕತೆ ಶುರುಮಾಡುತ್ತಾರೆ, ಇನ್ನೊಬ್ಬರು ಸೈನ್ಯ ಬಂದ ಮೇಲಿನ ವಾರಗಳಿಂದ. ಆ ವಾರಗಳಲ್ಲಿ ಸತ್ತ ಮುಸ್ಲಿಮರ ಬಗ್ಗೆ ಸುಂದರಲಾಲ್ ಸಮಿತಿ ಕೊಟ್ಟ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಮೊದಲ ವಾಕ್ಯ ಯಾವ ತಿಂಗಳಿನದು ಎನ್ನುವುದರಲ್ಲೇ ಅರ್ಧ ತೀರ್ಪು ಅಡಗಿರುತ್ತದೆ. ಎರಡೂ ಕಡೆಯವರು ಹೇಳುವುದು ನಿಜವೇ ಆಗಿರುವಾಗ ಇತಿಹಾಸದ ವಿದ್ಯಾರ್ಥಿಗೆ ನಿಲ್ಲಲು ಸಿಗುವ ಜಾಗ ಬಹಳ ಇಕ್ಕಟ್ಟು.

ಚಿತ್ರದ ಮೇಲೆ ನನ್ನ ದೂರು ಬೇರೆ. ಎರಡು ಗಂಟೆಗೂ ಮೀರಿದ ಈ ಚಿತ್ರದಲ್ಲಿ ಇಂಡೋನೇಷ್ಯಾದವರಿಗೆ ಮಾತು ಬಹಳ ಕಡಿಮೆ. ಅವರು ಮಾಹಿತಿ ಕೊಡುತ್ತಾರೆ, ಒಲಿಯುತ್ತಾರೆ, ಸಾಯುತ್ತಾರೆ. ಮಳೆ, ಕಾಡು, ಬೆವರು, ನಡುವೆ ಆತ್ಮಸಾಕ್ಷಿ ಕೆಣಕಿದ ಬಿಳಿಯ ಹುಡುಗ: ವಿಯೆಟ್ನಾಂ ಬಗ್ಗೆ ಅಮೆರಿಕನ್ನರು ಮಾಡಿದ ಚಿತ್ರಗಳ ಅಚ್ಚು ಇದು. ಮೊಲುಕನ್ ಮೂಲದ ನಿರ್ದೇಶಕನಿಂದ ಹೆಚ್ಚಿನದನ್ನು ನಿರೀಕ್ಷಿಸಿದ್ದೆ. ಡಚ್ ಸೈನ್ಯದಲ್ಲಿ ದುಡಿದ ಮೊಲುಕನ್ನರನ್ನು 1951ರಲ್ಲಿ ನೆದರ್‌ಲೆಂಡ್ಸಿಗೆ ಕರೆತಂದು ಸೇವೆಯಿಂದ ವಜಾ ಮಾಡಿ, ಕೆಲವರನ್ನು ಹಿಂದೆ ಯಹೂದಿಗಳನ್ನು ಕೂಡಿಹಾಕಿದ್ದ ವೆಸ್ಟರ್‌ಬೋರ್ಕ್ ಶಿಬಿರದಲ್ಲೇ ಇರಿಸಿದ್ದರು. ಆ ಕತೆಗೆ ಇನ್ನೊಂದು ಸಿನಿಮಾನೇ ಬೇಕು.

ಹಾಗೆಂದು ಈ ಚಿತ್ರ ಸುಳ್ಳು ಹೇಳಿತು ಎನ್ನುವವರ ಜತೆ ನಾನಿಲ್ಲ. ಯೋಪ್ ಹ್ಯೂಟಿಂಗ್ ಎಂಬ ಮಾಜಿ ಸೈನಿಕ 1969ರ ಜನವರಿಯಲ್ಲಿ ಡಚ್ ಟಿವಿಯಲ್ಲಿ ಕೂತು, ನಾವು ಅಲ್ಲಿ ಯುದ್ಧಾಪರಾಧ ಮಾಡಿದೆವು ಎಂದ. ಅವನಿಗೆ ಬೆದರಿಕೆಗಳು ಬಂದವು. ಸರ್ಕಾರ ಅದೇ ವರ್ಷ ತರಾತುರಿಯಲ್ಲಿ ಕಡತಗಳನ್ನು ತೆಗೆಸಿ, ಕೆಲವು ‘ಅತಿರೇಕ’ಗಳು ನಡೆದಿವೆ, ಒಟ್ಟಾರೆ ಸೈನ್ಯ ಸರಿಯಾಗೇ ನಡೆದುಕೊಂಡಿತು ಎಂದು ಷರಾ ಬರೆಯಿತು. ಆ ನಿಲುವು ಅರ್ಧ ಶತಮಾನ ಬಾಳಿತು. 2022ರ ಫೆಬ್ರವರಿ 17ರಂದು, ಚಿತ್ರ ಬಂದ ಒಂಬತ್ತು ತಿಂಗಳಿಗೆ, ಮೂರು ಡಚ್ ಸಂಶೋಧನಾ ಸಂಸ್ಥೆಗಳು ಕೂಡಿ ನಡೆಸಿದ ದೊಡ್ಡ ಅಧ್ಯಯನ ಅದನ್ನು ಮುರಿಯಿತು. ಮಿತಿಮೀರಿದ ಹಿಂಸೆ ಬಿಡಿ ಘಟನೆಯಾಗಿರದೆ ಸೈನ್ಯದ ನಡಾವಳಿಯ ಭಾಗವೇ ಆಗಿತ್ತು, ಮೇಲಿನವರು ಅದನ್ನು ಸಹಿಸಿದರು, ಮುಚ್ಚಿದರು ಎಂದು ಅದು ಹೇಳಿತು. ಅಂದೇ ಪ್ರಧಾನಿ ಮಾರ್ಕ್ ರುಟ್ಟೆ ಇಂಡೋನೇಷ್ಯಾದ ಜನರ ಕ್ಷಮೆ ಕೇಳಿದರು. ಆ ಹೊತ್ತಿಗೆ ಬದುಕಿದ್ದ ಮಾಜಿ ಸೈನಿಕರೆಲ್ಲ ತೊಂಬತ್ತು ದಾಟಿದವರು. ಸರ್ಕಾರ ಕಳಿಸಿತು, ಹೋದೆವು, ಈಗ ನಮ್ಮನ್ನು ನಾಜಿಗಳ ಸಾಲಿಗೆ ಸೇರಿಸುತ್ತಾರೆ ಎಂಬ ಅವರ ನೋವು ಪೂರಾ ಸುಳ್ಳಲ್ಲ. ಕಡ್ಡಾಯ ಸೇವೆಗೆ ಎಳೆದೊಯ್ದ ಹುಡುಗರನ್ನು ಅಲ್ಲಿಗೆ ಕಳಿಸಿದ ಮಂತ್ರಿಗಳ ಮೇಲೆ ಯಾರೂ ಸಿನಿಮಾ ಮಾಡಿಲ್ಲ.

ಸುಲಾವೆಸಿಯಲ್ಲಿ ಈ ನಡುವೆ ಬೇರೆಯದೇ ಲೆಕ್ಕ ನಡೆದಿತ್ತು. ಗುಂಡಿಗೆ ಬಲಿಯಾದವರ ಮಕ್ಕಳಿಗೆ ತಲಾ 5,000 ಯೂರೋ ಪರಿಹಾರ ಕೊಡುವುದಾಗಿ 2020ರ ಅಕ್ಟೋಬರಿನಲ್ಲಿ ಡಚ್ ಸರ್ಕಾರ ಪ್ರಕಟಿಸಿತು. ಅಪ್ಪ ಸತ್ತಾಗ ಕೂಸಾಗಿದ್ದವರು ಈಗ ಎಂಬತ್ತರ ಆಸುಪಾಸಿನವರು. ತಾನು ಅವನದೇ ಮಗು ಎಂಬುದನ್ನೂ, ಅವನನ್ನು ಹಾಗೆ ಗುಂಡಿಕ್ಕಿಯೇ ಕೊಂದರು ಎಂಬುದನ್ನೂ ಅರ್ಜಿಯಲ್ಲಿ ತೋರಿಸಿಕೊಡಬೇಕಿತ್ತು.