ಊರಿನ ಹೆಸರಿನ ಒಡೆತನ: ಡೊಮೇನ್ ಹೆಸರುಗಳ ಚರಿತ್ರೆಯ ಒಂದು ವಿಚಾರ

ಊರಿನ ಹೆಸರು ಯಾರ ಸ್ವತ್ತು? ಈ ಪ್ರಶ್ನೆಯನ್ನು ನಮ್ಮ ಹಿರಿಯರು ಕೇಳಿಕೊಂಡಂತೆ ತೋರುವುದಿಲ್ಲ. ಕೇಳುವ ಅವಶ್ಯಕತೆಯೂ ಅವರಿಗಿರಲಿಲ್ಲ. ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಒಂದು ಹೋಬಳಿಯ ಕೇಂದ್ರ. ಅದೇ ಹೆಸರಿನ ಮತ್ತೊಂದು ಊರು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯ ಬಳಿಯಿದೆ. ಕೆರೆ ತುಂಬಿದಾಗ ನೀರು ಹರಿದುಹೋಗುವ ಕೋಡಿಗಳು ನಾಡಿನಲ್ಲಿ ಅನೇಕವಾಗಿರುವುದರಿಂದ ಇಂಥ ಹೆಸರು ಮರುಕಳಿಸುವುದು ಸಹಜವೇ. ಹೋಬಳಿ, ತಾಲ್ಲೂಕು, ಜಿಲ್ಲೆಗಳನ್ನು ಸೇರಿಸಿ ಹೇಳಿದರೆ ಕಂದಾಯದ ದಾಖಲೆಯಲ್ಲಾಗಲಿ ಅಂಚೆಯಲ್ಲಾಗಲಿ ಗೊಂದಲವುಂಟಾಗದು. ಅಂತರಜಾಲದ ಸ್ಥಿತಿ ಬೇರೆ. ಅಲ್ಲಿ ‘ಡಾಟ್ ಕಾಮ್’ ಎಂಬುದರ ನೇರ ಕೆಳಗೆ ಒಂದು ಹೆಸರು ಒಬ್ಬರಿಗೆ ಮಾತ್ರ ಸಲ್ಲುತ್ತದೆ. ಈ ವ್ಯತ್ಯಾಸ ಹೇಗೆ ಬಂದಿತು, ಅದರಿಂದ ಹೆಸರು ಹೇಗೆ ವ್ಯಾಪಾರದ ಸರಕಾಯಿತು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಮೂಲದಲ್ಲಿ ಡೊಮೇನ್ ವ್ಯವಸ್ಥೆ ನಮ್ಮ ಹೋಬಳಿ, ತಾಲ್ಲೂಕುಗಳ ಕ್ರಮಕ್ಕೆ ದೂರವಾದುದಲ್ಲ. ಅದಕ್ಕೆ ಹಿಂದೆ ಎಲ್ಲ ಗಣಕಯಂತ್ರಗಳ ಹೆಸರುಗಳನ್ನೂ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯು ಒಂದೇ ಪಟ್ಟಿಯಲ್ಲಿ ಇಡುತ್ತಿತ್ತು. ಪಟ್ಟಿ ಬೆಳೆದು ಹೊರೆಯಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿದ್ವಾಂಸರು ಶ್ರೇಣೀಕೃತವಾದ ಕ್ರಮವೊಂದನ್ನು ರೂಪಿಸಿದರು. ಮೇಲಿನ ಹಂತದ ಅಧಿಕಾರಿ ಕೆಳಗಿನ ಹಂತವನ್ನು ಬೇರೆಯವರಿಗೆ ವಹಿಸಿಕೊಡುವುದು, ಅವರು ತಮ್ಮ ವ್ಯಾಪ್ತಿಯಲ್ಲಿ ಹೆಸರು ಎರಡಾಗದಂತೆ ನೋಡಿಕೊಳ್ಳುವುದು: ಇದೇ ಅದರ ತತ್ತ್ವ. ಆದರೆ ವ್ಯಾಪಾರವು ಈ ಮೆಟ್ಟಿಲುಗಳನ್ನು ಬಳಸಲಿಲ್ಲ. ಎಲ್ಲರಿಗೂ ಚಿಕ್ಕದಾದ, ನೆನಪಿನಲ್ಲಿ ನಿಲ್ಲುವ ಹೆಸರೇ ಬೇಕಾಯಿತು. ಎಲ್ಲರೂ ಒಂದೇ ಮೆಟ್ಟಿಲಿನ ಮೇಲೆ ಬಂದು ನಿಂತರು. ಅಭಾವವು ಹುಟ್ಟಿದುದು ಹೀಗೆ.

1995ರಲ್ಲಿ ನೋಂದಣಿಗೆ ಎರಡು ವರ್ಷಕ್ಕೆ 100 ಡಾಲರಿನಂತೆ ಶುಲ್ಕ ವಿಧಿಸಲಾಯಿತು. ಹೆಸರಿಗೆ ಬೆಲೆ ಕಟ್ಟಿದ ಮೇಲೆ ಮರುಮಾರಾಟವೂ ಬೆಳೆಯಿತು. 1999ರಲ್ಲಿ ‘ಬಿಸಿನೆಸ್ ಡಾಟ್ ಕಾಮ್’ ಎಂಬ ಹೆಸರು 75 ಲಕ್ಷ ಡಾಲರಿಗೆ ಕೈಬದಲಾಯಿತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೊಂಡವನು ಹೆಸರಿನ ಒಡೆಯನಲ್ಲ, ಗುತ್ತಿಗೆದಾರ. ಒಮ್ಮೆಗೆ ಹೆಚ್ಚೆಂದರೆ 10 ವರ್ಷಗಳ ಅವಧಿಗೆ ಮಾತ್ರ ಹಿಡಿದಿಟ್ಟುಕೊಳ್ಳಬಲ್ಲ. ‘ಡಾಟ್ ಕಾಮ್’ನಲ್ಲಿ ಹಣ ಕಟ್ಟದೆ ನೋಂದಣಿ ರದ್ದಾದ ಹೆಸರನ್ನು ಬಿಡಿಸಿಕೊಳ್ಳಲು 30 ದಿನಗಳ ಅವಕಾಶವುಂಟು; ಆಮೇಲೆ 5 ದಿನ ಕಳೆದರೆ ಅದು ಯಾರಿಗಾದರೂ ಸಲ್ಲಬಹುದು. ಆ ಗಳಿಗೆಯನ್ನು ಕಾಯುತ್ತ ಕುಳಿತಿರುವ ವ್ಯಾಪಾರಿಗಳೇ ಇದ್ದಾರೆ. ಕಂದಾಯದ ಬಾಕಿಗೆ ಜಮೀನು ಹರಾಜಾಗುವುದನ್ನು ಕಂಡ ನಮಗೆ ಇದು ಅಪರಿಚಿತವಲ್ಲ. ಆದರೆ ಇಲ್ಲಿ ಊರಿನಲ್ಲಿ ಡಂಗುರ ಸಾರುವವರಿಲ್ಲ.

ಹೆಸರು ಕೇವಲ ವಿಳಾಸವೇ ಅಥವಾ ಅದರಲ್ಲಿ ಜನರ ನಂಬಿಕೆಯೂ ಸೇರಿದೆಯೇ ಎಂಬುದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದುದು ಬೆಂಗಳೂರಿನ ವ್ಯಾಜ್ಯವೊಂದರಿಂದ. ಸತ್ಯಂ ಇನ್‌ಫೋವೇ ಸಂಸ್ಥೆಯು ‘ಸಿಫಿ’ ಎಂಬ ಪದವಿರುವ ಹೆಸರುಗಳನ್ನು 1999ರಲ್ಲಿ ನೋಂದಾಯಿಸಿತ್ತು. ಮತ್ತೊಂದು ಸಂಸ್ಥೆಯು 2001 ಮತ್ತು 2002ರಲ್ಲಿ ‘ಸಿಫ್ಫಿನೆಟ್’ ಎಂಬ ಹೆಸರುಗಳನ್ನು ಪಡೆಯಿತು. ತನ್ನ ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದ ಅದು ಬಂದಿತೆಂಬುದು ಆ ಸಂಸ್ಥೆಯ ವಾದ. ನಗರದ ಸಿವಿಲ್ ನ್ಯಾಯಾಲಯ ತಾತ್ಕಾಲಿಕ ತಡೆಯಾಜ್ಞೆಯನ್ನು ಕೊಟ್ಟಿತು. ಉಚ್ಚ ನ್ಯಾಯಾಲಯ ಅದನ್ನು ತೆರವುಗೊಳಿಸಿತು. 2004ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ಸ್ಥಾಪಿಸಿತು. ಡೊಮೇನ್ ಹೆಸರುಗಳಿಗೆಂದೇ ಶಾಸನವಿಲ್ಲದಿದ್ದರೂ ಒಬ್ಬರ ಸರಕನ್ನು ಇನ್ನೊಬ್ಬರದೆಂದು ತೋರಿಸುವ ವಂಚನೆಗೆ ಅನ್ವಯಿಸುವ ನ್ಯಾಯ ಇಲ್ಲಿಯೂ ಸಲ್ಲುತ್ತದೆಂಬುದು ತೀರ್ಪಿನ ಸಾರ.

ಮರುವರ್ಷವೇ, 2005ರಲ್ಲಿ, ‘ಡಾಟ್ ಇನ್’ ಹೆಸರುಗಳ ನೋಂದಣಿ ಸರ್ವರಿಗೂ ಮುಕ್ತವಾಯಿತು. ಹಿಂದಿನ ಬಿಗಿಯಾದ ನಿಯಮಗಳ ಕಾಲದಲ್ಲಿ ನೋಂದಣಿಯಾಗಿದ್ದವು ಸುಮಾರು 7,000 ಹೆಸರುಗಳು. 2010ರ ವೇಳೆಗೆ ಅವು 6 ಲಕ್ಷವನ್ನು ಮೀರಿದ್ದವು.

ಮೇಲಿನ ತೀರ್ಪು ಕಾಪಾಡಿದುದು ವ್ಯಾಪಾರದ ಹೆಸರನ್ನು. ಊರಿಗೆ ವ್ಯಾಪಾರಚಿಹ್ನೆಯಿಲ್ಲ. 1999ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ವ್ಯಾಜ್ಯ ಪರಿಹಾರ ಕ್ರಮವೂ ವ್ಯಾಪಾರಚಿಹ್ನೆಯುಳ್ಳವರಿಗಾಗಿ ಏರ್ಪಟ್ಟುದು. ಕೇವಲ ಸ್ಥಳನಾಮವೆಂಬ ಕಾರಣದಿಂದ ಅಲ್ಲಿ ಪರಿಹಾರ ದೊರೆಯದು. ಲಿಪಿಯ ತೊಡಕು ಬೇರೆ. ರೋಮನ್ ಅಕ್ಷರಗಳಲ್ಲಿ ‘ಹಳ್ಳಿ’ಗೂ ‘ಹಲ್ಲಿ’ಗೂ ಭೇದವಿಲ್ಲ, ಕೊನೆಯ ಸ್ವರವನ್ನು ‘ಐ’ ಎಂದೂ ‘ವೈ’ ಎಂದೂ ಬರೆಯುವ ರೂಢಿಯಿರುವುದರಿಂದ ಒಂದೇ ಊರು ಎರಡು ಹೆಸರುಗಳಾಗಿ ಇಬ್ಬರ ಪಾಲಾಗಬಹುದು. ಕನ್ನಡ ಲಿಪಿಯಲ್ಲಿಯೇ ‘ಡಾಟ್ ಭಾರತ’ ಈಗ ಉಂಟು. ಅಲ್ಲಿ ಈ ದೋಷವಿಲ್ಲ. ಆದರೆ ಕನ್ನಡ, ತೆಲುಗು ಅಕ್ಷರಗಳಲ್ಲಿ ಅನೇಕವು ನೋಟಕ್ಕೆ ಒಂದೇ ಆಗಿರುವುದರಿಂದ ಒಂದನ್ನು ಮತ್ತೊಂದೆಂದು ಭ್ರಮಿಸದಂತೆ ಪ್ರತ್ಯೇಕ ನಿಯಮಗಳನ್ನು ಮಾಡಬೇಕಾಯಿತು.

ಊರುಗಳ ಹೆಸರುಗಳಾದರೂ ಸ್ಥಿರವೇ? ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನಿಂದ ಕ್ಲೋಸ್‌ಪೇಟೆ ಎನಿಸಿಕೊಂಡ ಪಟ್ಟಣ ರಾಮನಗರವಾಯಿತು. 2007ರಲ್ಲಿ ಜಿಲ್ಲೆಯ ಹೆಸರಾಯಿತು. 2025ರ ಮೇ ತಿಂಗಳಿನಲ್ಲಿ ರಾಜ್ಯ ಸಚಿವ ಸಂಪುಟವು ಆ ಜಿಲ್ಲೆಯನ್ನು ಬೆಂಗಳೂರು ದಕ್ಷಿಣವೆಂದು ಕರೆಯಲು ತೀರ್ಮಾನಿಸಿತು. ರಾಜಪತ್ರದ ಒಂದು ಪ್ರಕಟಣೆಯಿಂದ ನಾಮಫಲಕಗಳು ಬದಲಾಗುತ್ತವೆ, ಡೊಮೇನ್ ಹೆಸರು ಬದಲಾಗುವುದಿಲ್ಲ. ಹೊಸದನ್ನು ಬೇರೆಯಾಗಿ ಪಡೆಯಬೇಕು. ಹಳೆಯದನ್ನು ಉದಾಸೀನದಿಂದ ಬಿಟ್ಟರೆ, ಜನರು ಹಳೆಯ ರೂಢಿಯಿಂದ ಅಲ್ಲಿಗೇ ಹೋಗಿ ಅಪರಿಚಿತನೊಬ್ಬನ ಬಾಗಿಲನ್ನು ತಟ್ಟುತ್ತಾರೆ.

ಇದಕ್ಕೆ ಪ್ರತಿಯಾದ ನಿದರ್ಶನ ಇದೇ ಜಿಲ್ಲೆಯಲ್ಲಿದೆ. ಚನ್ನಪಟ್ಟಣದ ಗೊಂಬೆಗಳ ಹೆಸರು 1999ರ ಭೌಗೋಳಿಕ ಸೂಚಕಗಳ ಕಾಯಿದೆಯಂತೆ ನೋಂದಣಿಯಾಗಿದೆ. ಆ ಕಾಯಿದೆಯ 24ನೆಯ ಪ್ರಕರಣದ ಮೇರೆಗೆ ಅಂಥ ಸೂಚಕವನ್ನು ಪರಭಾರೆ ಮಾಡುವಂತಿಲ್ಲ, ಅಡವಿಡುವಂತಿಲ್ಲ. ಚನ್ನಪಟ್ಟಣವೆಂಬ ಪದ ಗೊಂಬೆಯ ಮೇಲಿದ್ದಾಗ ಅಲ್ಲಿಯ ಕುಶಲಕರ್ಮಿಗಳೆಲ್ಲರ ಸಾಮಾನ್ಯ ಸ್ವತ್ತು. ಅದೇ ಪದ ಡೊಮೇನ್ ಹೆಸರಾದಾಗ ಮಾರಬಲ್ಲ ಸರಕು.

ಮರುಮಾರಾಟವೆಲ್ಲವೂ ಅಕ್ರಮವೆಂಬುದು ನಮ್ಮ ಅಭಿಪ್ರಾಯವಲ್ಲ. ಒಬ್ಬನು ಕಲ್ಪಿಸಿದ ಪದವನ್ನು ಅವನು ಮಾರಿದರೆ ಯಾರಿಗೂ ನಷ್ಟವಿಲ್ಲ. ಊರಿನ ಹೆಸರಿನ ಮೌಲ್ಯವಾದರೋ ತಲೆಮಾರುಗಳಿಂದ ಅದನ್ನು ಬಳಸಿದವರು ಕೂಡಿಟ್ಟದ್ದು. ಆದಕಾರಣ ಪಂಚಾಯಿತಿ, ಸಹಕಾರ ಸಂಘಗಳಂಥ ಸಂಸ್ಥೆಗಳು 1983ರ ಮೂಲಕ್ರಮದ ವಿವೇಕಕ್ಕೆ ಮರಳುವುದು ಲೇಸು. ‘ಗವ್ ಡಾಟ್ ಇನ್’ನಲ್ಲಿ ಹೆಸರು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಲ್ಲುತ್ತದೆ, ಪೇಟೆಯಲ್ಲಿ ಬಿಕರಿಯಾಗುವುದಿಲ್ಲ, ಅಂಥ ಶ್ರೇಣಿಯಲ್ಲಿ ಜಿಲ್ಲೆಯ ಕೆಳಗೆ ತಾಲ್ಲೂಕು, ಅದರ ಕೆಳಗೆ ಊರು ಎಂದಿಟ್ಟರೆ ಎರಡು ಕೋಡಿಹಳ್ಳಿಗಳಿಗೂ ಎಡೆಯುಂಟು. ಹೊರಗೆ ಪಡೆದ ಹೆಸರಿದ್ದರೆ ಅದು ಅಧಿಕಾರಿಯೊಬ್ಬರ ಸ್ವಂತ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿರಬೇಕು. ನವೀಕರಣದ ದಿನವನ್ನು ಕಂದಾಯದ ಕಂತಿನಂತೆಯೇ ಲೆಕ್ಕದ ಪುಸ್ತಕದಲ್ಲಿ ಗುರುತಿಸಿಡಬೇಕು.